ಗುಡ್ಡಪ್ಪನ ಮೇವು

ಕೆಟ್ಟದ್ದು ನೀರಿನ ಪೈಪಿನ ಒಂದು ವಾಲ್ವ್. ಅದನ್ನು ಸರಿಮಾಡುತ್ತ ಕೂತ ನೀರುಗಂಟಿ ಗುರುಬಸವರಾಜ ಶುಕ್ರವಾರ ಸಂಜೆ ಗುಡ್ಡಪ್ಪನಿಗೆ ಮೇವು ಹಾಕುವುದನ್ನು ಮರೆತುಬಿಟ್ಟ. ಮನೆಗೆ ಬಂದವನಿಗೆ ಉಂಡದ್ದೂ ಗೊತ್ತಿಲ್ಲ, ಮಲಗಿದ್ದೂ ಗೊತ್ತಿಲ್ಲ. ಶನಿವಾರ ಬೆಳಗ್ಗೆ ಎದ್ದು ಹಿತ್ತಲಿನ ಬೇವಿನ ಗಿಡದ ಮರೆಗೆ ಹೋಗಿ ಹಳೆಯ ಮೊಬೈಲ್ ತೆರೆದರೆ, ಗುಡ್ಡಪ್ಪ ನಾಲಿಗೆ ಹೊರಚಾಚಿ ಅಡ್ಡ ಬಿದ್ದಿದ್ದ. ತಲೆಯ ಮೇಲೆ ಒಂದು ನೀಲಿ ಮೋಡ ಗಿರಗಿರನೆ ಸುತ್ತುತ್ತಿತ್ತು.

ಗುಡ್ಡಪ್ಪ ಮನುಷ್ಯನಲ್ಲ. ಮೊಬೈಲಿನ ಆಟದೊಳಗಿನ ಒಂದು ದೈತ್ಯ ಪ್ರಾಣಿ. ಎಮ್ಮೆಯ ಮೈ, ಹೋತಿನ ಗಡ್ಡ, ಬಾವಲಿಯ ರೆಕ್ಕೆ. ಆ ಆಟದಲ್ಲಿ ಇಂಥವು ಊರ ತುಂಬ ಓಡಾಡುತ್ತಿರುತ್ತವೆ. ಮೊಬೈಲ್ ಹಿಡಿದು ನಡೆದರೆ ಗೋಡೆಯ ಮೇಲೆ, ಗಿಡದ ಕೆಳಗೆ ಕಾಣಿಸುತ್ತವೆ. ಮೇವು ಎಸೆದು ಪುಸಲಾಯಿಸಿ ಹಿಡಿದು ದೊಡ್ಡಿಗೆ ಕೂಡಬೇಕು. ದಿನಕ್ಕೆ ಮೂರು ಹೊತ್ತು ಮೇವು ಹಾಕಿ, ಬೆರಳಿನಿಂದ ಬೆನ್ನು ಸವರುತ್ತ ಬಂದರೆ ಅದಕ್ಕೆ ನಿಮ್ಮ ಮೇಲೆ ನಂಬಿಕೆ ಹುಟ್ಟುತ್ತದೆ, ಆಮೇಲೆ ಬೆನ್ನ ಮೇಲೆ ಕೂರಿಸಿಕೊಂಡು ಹಾರುತ್ತದೆ. ನಂಬಿಕೆ ಹುಟ್ಟುವ ಮೊದಲೇ ಹತ್ತಿದರೆ ಎತ್ತಿ ಒಗೆಯುತ್ತದೆ. ಸಂಸಾರಕ್ಕೂ ಇದಕ್ಕೂ ಅಂಥ ವ್ಯತ್ಯಾಸವೇನಿಲ್ಲ.

ಗುಡ್ಡಪ್ಪ ಗುರುಬಸವರಾಜನ ಮಗಳು ಚಂದನಾಳದು. ಬೇಸಿಗೆ ರಜೆಯಲ್ಲಿ ಅಪ್ಪ ಮಗಳು ಸೇರಿ ಕಾನಹೊಸಹಳ್ಳಿಯ ನೀರಿನ ಟ್ಯಾಂಕಿನ ಹತ್ತಿರ ಅದನ್ನು ಹಿಡಿದಿದ್ದರು. ಅವನು ಮೊಬೈಲ್ ಹಿಡಿದಿದ್ದ, ಅವಳು ಮೇವು ಎಸೆದಿದ್ದಳು. ಆಮೇಲೆ ಹರಪನಹಳ್ಳಿಯ ವಸತಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ಸೀಟು ಸಿಕ್ಕಿತು. ಅಲ್ಲಿ ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ. ಹೊರಡುವ ದಿನ ಅವಳು ಅದನ್ನು ಅಪ್ಪನ ಕೈಗಿಟ್ಟು, "ಮೂರು ಹೊತ್ತು ಮೇವು ಹಾಕಪ್ಪ. ಈ ಸಲ ಖರೇನ ಮರೀಬ್ಯಾಡ," ಅಂದಿದ್ದಳು.

'ಈ ಸಲ' ಅಂದದ್ದಕ್ಕೆ ಕಾರಣವಿತ್ತು. ಸೈಕಲ್ ಕೊಡಿಸುತ್ತೇನೆಂದಿದ್ದ, ಕೊಡಿಸಲಿಲ್ಲ. ಶಾಲೆಯ ಡ್ಯಾನ್ಸ್ ನೋಡಲು ಬರುತ್ತೇನೆಂದಿದ್ದ, ಪೈಪ್ ಒಡೆಯಿತು. ಹೊಸಪೇಟೆಯ ಡ್ಯಾಂ ತೋರಿಸುತ್ತೇನೆಂದದ್ದಂತೂ ಅವಳು ಅಂಗನವಾಡಿಯಲ್ಲಿದ್ದಾಗಿನ ಮಾತು. ಊರಿಗೆಲ್ಲ ನೀರು ಬಿಡುವವನು ಮಗಳ ಆಸೆಗಳಿಗೆ ಮಾತ್ರ ತಣ್ಣೀರು ಬಿಡುತ್ತ ಬಂದಿದ್ದ.

ಆದರೆ ಈ ಮಾತನ್ನು ಅವನು ಉಳಿಸಿಕೊಂಡಿದ್ದ. ಎಪ್ಪತ್ತೊಂದು ದಿನ ಒಂದು ಹೊತ್ತೂ ತಪ್ಪಿಸಿರಲಿಲ್ಲ. ನಲವತ್ತು ದಾಟಿದ ಗಂಡಸು ಮೊಬೈಲಿನ ಎಮ್ಮೆಗೆ ಹುಲ್ಲು ಹಾಕುವುದು ನಾಚಿಕೆಯ ಸಂಗತಿಯಾದ್ದರಿಂದ ಹಿತ್ತಲಲ್ಲಿ, ಟ್ಯಾಂಕಿನ ಹಿಂದೆ, ಪಂಚಾಯ್ತಿ ಕಟ್ಟಡದ ಮೆಟ್ಟಿಲ ಕೆಳಗೆ ಕದ್ದು ಹಾಕುತ್ತಿದ್ದ. ಇವನು ಏನೋ ಬೇಡದ ವಿಡಿಯೋ ನೋಡುತ್ತಾನೆಂದು ಹೆಂಡತಿ ರೋಜಾ ಎರಡು ಸಲ ಜಗಳ ತೆಗೆದಿದ್ದಳು. ಆಗಲೂ ಬಾಯಿ ಬಿಟ್ಟಿರಲಿಲ್ಲ. ಮಗಳು ಹೋದ ಮೇಲೆ ಮನೆಯಲ್ಲಿ ಅವಳದೆಂದು ಉಸಿರಾಡುವುದು ಅದೊಂದೇ ಎಂದು ಅವನಿಗೆ ಅನಿಸುತ್ತಿತ್ತು. ಹಾಗೆ ಯಾರಿಗಾದರೂ ಹೇಳುವುದುಂಟೇ?

ಇವತ್ತು ಚಂದನಾ ದಸರಾ ರಜೆಗೆ ಬರುವವಳಿದ್ದಳು. ಕರೆತರಲು ರೋಜಾ ಮೊದಲ ಬಸ್ಸಿಗೇ ಹರಪನಹಳ್ಳಿಗೆ ಹೋಗಿದ್ದಳು. ನಾಲ್ಕು ಗಂಟೆಗೆ ಇಬ್ಬರೂ ಬರುತ್ತಾರೆ. ಅಷ್ಟರೊಳಗೆ ಗುಡ್ಡಪ್ಪ ಎದ್ದು ನಿಲ್ಲಬೇಕು.

ಗುರುಬಸವರಾಜ ಗಾಬರಿಯಲ್ಲಿ ಮೇವಿನ ಗುಂಡಿಗೆ ಬೆರಳು ಒಯ್ಯುವಷ್ಟರಲ್ಲಿ ಕಟ್ಟಿಗೆ ತರಲು ಬಂದ ಅವನ ತಾಯಿ ಗಾದೆಮ್ಮ ಬೆನ್ನ ಹಿಂದಿನಿಂದ ಇಣುಕಿದಳು. ನಲವತ್ತು ವರ್ಷ ಕುರಿ ಕಾಯ್ದ ಹೆಂಗಸು. ಮೊಣಕಾಲು ಸೋತು ಎರಡು ವರ್ಷದ ಹಿಂದೆ ಹಿಂಡು ಮಾರಿದ್ದಳು, ಆದರೆ ಕಣ್ಣು ಸೋತಿರಲಿಲ್ಲ.

"ಏನಲೇ ಅದು, ಹಂಗ ಬಿದ್ದೈತಿ?"

"ಚಂದನಾಂದು ಬೇ. ರಾತ್ರಿ ಮೇವು ಹಾಕೋದು ಮರ್ತೆ."

"ಹೊಟ್ಟಿ ನೋಡು, ಹೆಂಗ ಉಬ್ಬೈತಿ. ಉಬ್ಬಿದ ಪ್ರಾಣಿಗೆ ಯಾರಾನ ಮೇವು ಹಾಕ್ತಾರೇನು? ಹಾಲೇಶಪ್ಪನ್ನ ಕರೀತೀನಿ ತಡಿ."

ಗುಡ್ಡಪ್ಪನ ಹೊಟ್ಟೆ ಹುಟ್ಟಿದಾಗಿನಿಂದಲೂ ಹಾಗೇ ಇತ್ತು. ಅದನ್ನು ಹೇಳುವ ಮೊದಲೇ ಗಾದೆಮ್ಮ ಓಣಿ ದಾಟಿ, ದನದ ಆಸ್ಪತ್ರೆಯ ಕಾಂಪೌಂಡರ್ ಕೆಲಸದಿಂದ ನಿವೃತ್ತರಾದ ಹಾಲೇಶಪ್ಪನವರನ್ನು ಕರೆದುಕೊಂಡು ಬಂದಳು. ಹಾಲೇಶಪ್ಪನವರಿಗೆ ಆರು ವರ್ಷದಿಂದ ಒಂದು ಪ್ರಾಣಿಯೂ ಸಿಕ್ಕಿರಲಿಲ್ಲ. ಕನ್ನಡಕ ಏರಿಸಿ, ಮೊಬೈಲನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮಗುಚಿ ನೋಡಿದರು.

"ಸಗಣಿ ಹೆಂಗೈತಿ?"

"ಇದರಾಗ ಸಗಣಿ ಕಾಣಂಗಿಲ್ಲರಿ."

"ಸಗಣಿ ನೋಡದ ಔಷಧ ಹೇಳೋ ಮನುಷ್ಯ ನಾನಲ್ಲ ನೋಡಪ್ಪ." ಆದರೂ ಎದ್ದು ಹೋಗಲಿಲ್ಲ. ಮೊಬೈಲನ್ನು ಕಿವಿಗೆ ಹಚ್ಚಿಕೊಂಡು ಆಟದ ಸಂಗೀತವನ್ನು ಕಣ್ಣು ಮುಚ್ಚಿ ಕೇಳಿದರು. "ಒಳಗ ಹಲಗಿ ಬಾರಿಸ್ದಂಗ ಕೇಳ್ತೈತಿ. ಗಾಳಿ ತುಂಬೈತಿ. ಮಧ್ಯಾಹ್ನದತನಕ ಒಂದು ಎಸಳೂ ಹಾಕಬ್ಯಾಡ."

ಗುರುಬಸವರಾಜನಿಗೆ ಆಟ ಗೊತ್ತಿತ್ತು. ಎಪ್ಪತ್ತೊಂದು ದಿನದ ಅನುಭವವೂ ಇತ್ತು. ಆದರೆ ಮೂವತ್ತು ವರ್ಷ ಸೂಜಿ ಹಿಡಿದವರ ಮುಂದೆ, ನಲವತ್ತು ವರ್ಷ ಕೋಲು ಹಿಡಿದವಳ ಮುಂದೆ ಅವನ ಅನುಭವ ಯಾವ ಲೆಕ್ಕ? ಹೆದರಿದವನಿಗೆ ತನಗೆ ಗೊತ್ತಿರುವುದರ ಮೇಲೇ ಮೊದಲು ಅನುಮಾನ ಬರುತ್ತದೆ. ಸುಮ್ಮನೆ ಕೂತ. ಒಂದು ತಾಸಿಗೆ ನೀಲಿ ಮೋಡ ಕೆಂಪಾಯಿತು, ಪರದೆಯ ಮೇಲೆ ಅಕ್ಷರ ಮೂಡಿತು.

"ಹಸಿದೈತಿ ಅಂತ ಬರದೈತ್ರಿ," ಅಂದ.

"ಜಡ್ಡಿನ ಪ್ರಾಣಿ ಹಂಗ ಅಂತೈತಿ. ಅದರ ಮಾತು ಕೇಳಬ್ಯಾಡ," ಅಂದರು ಹಾಲೇಶಪ್ಪ.

ಗಾದೆಮ್ಮನಿಗೆ ತಡೆಯಲಾಗಲಿಲ್ಲ. ಸೆರಗು ಒಡ್ಡಿ ಮೈಲಾರದ ದಿಕ್ಕಿಗೆ ತಿರುಗಿದಳು. "ಯಪ್ಪಾ ಮೈಲಾರಲಿಂಗ, ನನ್ನ ಮೊಮ್ಮಗಳ ಜೀವ ಇದರಾಗೈತಿ. ಇದನ್ನ ಎಬ್ಬಿಸು. ಎದ್ದು ನಿಂತ್ರ ನಿನ್ನ ಹೆಸರಿಗೇ ಬಿಡ್ತೀನಿ."

ಗುರುಬಸವರಾಜ ಮೊದಲ ಮಾತು ಕೇಳಿಸಿಕೊಂಡ, ಕೊನೆಯ ಮಾತು ಕೇಳಿಸಿಕೊಳ್ಳಲಿಲ್ಲ. ಹಾಲೇಶಪ್ಪ ಕಾಫಿಗೆಂದು ಮನೆಗೆ ಹೋದದ್ದೇ ತಡ, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ನಾಲ್ಕು ಹೊರೆ ಮೇವು ಹಾಕಿದ. ಗುಡ್ಡಪ್ಪ ತಿಂದ, ಸೀನಿದ, ರೆಕ್ಕೆ ಕೊಡವಿ ಎದ್ದು ನಿಂತ. ನಂಬಿಕೆ ತೋರಿಸುವ ಹೃದಯದ ಗುರುತುಗಳು ಐದಕ್ಕೆ ಐದೂ ತುಂಬಿದವು. ಅದೇ ಹೊತ್ತಿಗೆ ನಿನ್ನೆಯ ವಾಲ್ವ್ ಮತ್ತೆ ಬಿಚ್ಚಿಕೊಂಡಿದೆಯೆಂದು ಪಂಚಾಯ್ತಿಯಿಂದ ಕರೆ ಬಂತು. ಹಳೆಯ ಮೊಬೈಲನ್ನು ತಾಯಿಯ ಕೈಗೆ ಕೊಟ್ಟು, "ಎದ್ದೈತಿ ನೋಡು ಬೇ. ಸ್ವಲ್ಪ ಲಕ್ಷ್ಯ ಇಟ್ಟಿರು," ಎಂದು ಓಡಿದ. ಆ ಒಂದು ವಾಲ್ವನ್ನು ಅವನು ಇಂದಿಗೂ ಶಪಿಸುತ್ತಾನೆ.

ದೇವರಿಗೆ ಬಿಡುವುದೆಂದರೆ ಈ ಸೀಮೆಯಲ್ಲಿ ಆಟದ ಮಾತಲ್ಲ. ಹರಕೆ ಹೊತ್ತ ಟಗರನ್ನೋ ಹೋರಿಯನ್ನೋ ಭಂಡಾರ ಹಚ್ಚಿ, ಹೂ ಹಾಕಿ, ಹಗ್ಗ ಬಿಚ್ಚಿ ಬಿಟ್ಟುಬಿಡುತ್ತಾರೆ. ಅದು ಯಾರ ಹೊಲದಲ್ಲಿ ಮೇಯ್ದರೂ ಹೊಡೆಯುವ ಹಾಗಿಲ್ಲ, ಯಾರೂ ಮತ್ತೆ ಕಟ್ಟುವ ಹಾಗಿಲ್ಲ. ಗಾದೆಮ್ಮ ತನ್ನ ಜನ್ಮದಲ್ಲಿ ಏಳು ಟಗರು ಬಿಟ್ಟವಳು. ಹರಕೆ ತಡವಾದರೆ ದೇವರಿಗಿಂತ ಮೊದಲು ಅವಳಿಗೇ ನಿದ್ದೆ ಹತ್ತುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಗುರುಬಸವರಾಜ ಮರಳಿದಾಗ ಮೊಬೈಲ್ ಮಣೆಯ ಮೇಲಿತ್ತು. ಪರದೆಗೆ ಅರಿಶಿನದ ಭಂಡಾರ, ಸುತ್ತ ಚೆಂಡುಹೂವು, ಪಕ್ಕದಲ್ಲಿ ಒಡೆದ ಕಾಯಿ.

"ಗುಡ್ಡಪ್ಪ ಎಲ್ಲಿ ಬೇ?"

"ಹೋದ್ನಪ್ಪ," ಗಾದೆಮ್ಮ ಕಣ್ಣೊರೆಸಿಕೊಂಡಳು. "ಎಷ್ಟು ಚಂದ ಹೋದ ಅಂತೀ. ದೊಡ್ಡಿ ಬಾಗ್ಲು ತೆರದಂಗ ಒಂದು ಚಿತ್ರ ಇತ್ತಲ್ಲ, ಅದನ್ನ ಒತ್ತಿದೆ. ಏನೋ ಕೇಳ್ತು, ಹಸರು ಗುಂಡಿ ಒತ್ತಿದೆ. ಮತ್ತ ಕೇಳ್ತು, ಮತ್ತ ಒತ್ತಿದೆ. ಮೂರು ಸಲ ಕೇಳ್ತು. ದೇವರ ಕೆಲಸಕ್ಕ ಮೂರು ಸಲ ಹೇಳಬೇಕಂತ ಅದಕ್ಕೂ ಗೊತ್ತೈತಿ ನೋಡು."

ಗುರುಬಸವರಾಜ ಭಂಡಾರ ಒರೆಸಿ ನೋಡಿದ. 'ನಿಮ್ಮ ದೊಡ್ಡಿ ಖಾಲಿ ಇದೆ' ಎಂದಿತ್ತು. ಅವನು ಹೊಸ್ತಿಲ ಮೇಲೆ ಕೂತ. ತಾಯಿ ಮೊಮ್ಮಗಳಿಗಾಗಿ ಬೇಡಿದ್ದಳು, ದೇವರು ಕೊಟ್ಟಿದ್ದ, ಇವಳು ತೀರಿಸಿದ್ದಳು. ತಪ್ಪು ಯಾರದೆಂದು ಹಿಡಿಯುವುದು?

"ಅಳ್ತೀಯೇನಲೇ? ದೇವರ ಪ್ರಾಣಿ ಎಲ್ಲೀಗೂ ಹೋಗಂಗಿಲ್ಲ. ಇಲ್ಲೇ ಊರಾಗ ಅಡ್ಡಾಡ್ತಿರ್ತೈತಿ."

"ಚಂದನಾಗ ಒಂದು ಮಾತೂ ಹೇಳಂಗಿಲ್ಲ ನೀನು. ನಾ ಇನ್ನೊಂದು ಹಿಡಕಂಡು ಬರ್ತೀನಿ. ಮೈಲಾರಲಿಂಗನ ಮ್ಯಾಲೆ ಆಣಿ ಇಡು."

ಗಾದೆಮ್ಮ ಚಿಟಿಕೆ ಭಂಡಾರ ಹಣೆಗಿಟ್ಟುಕೊಂಡು ಆಣೆ ಇಟ್ಟಳು. ಹರಕೆ ಮುಟ್ಟಿಸಿದ ಸುದ್ದಿಯನ್ನು ದೇವರಿಗೆ ಖುದ್ದಾಗಿ ಹೇಳಿ, ಎರಡು ದಿನ ಅಲ್ಲೇ ಇದ್ದು ಬರುತ್ತೇನೆಂದು ಒಡೆದ ಕಾಯಿ ಕಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೆ ಮೈಲಾರಕ್ಕೆ ಹೊರಟೇಬಿಟ್ಟಳು. ಒಂದು ತಾಸಿನೊಳಗೆ ಹರಕೆ ತೀರಿಸುವ ಹೆಂಗಸು ಆಣೆಯನ್ನಂತೂ ಸಾಯುವತನಕ ಮುರಿಯುವವಳಲ್ಲ.

ಗುರುಬಸವರಾಜ ಮೊಬೈಲನ್ನು ಎದೆಯ ಮುಂದೆ ಹಿಡಿದು ಬಿಸಿಲಲ್ಲಿ ಹೊರಟ. ಬಸ್ ನಿಲ್ದಾಣ, ಶಾಲೆ, ಹೆದ್ದಾರಿಯ ಅಂಚು, ಎಲ್ಲ ಸುತ್ತಿದ. ಒಂದು ಗಂಟೆಗೆ ಹೆದ್ದಾರಿ ಪಕ್ಕದ ಓಣಿಯಲ್ಲಿ, ಗೊಬ್ಬರದಂಗಡಿ ಪಾಲಾಕ್ಷಪ್ಪನ ಕಾಂಪೌಂಡ್ ಗೋಡೆಯ ಮೇಲೆ ಒಂದು ಪ್ರಾಣಿ ಕಾಣಿಸಿತು. ಅದೇ ಮೈ, ಅದೇ ಗಡ್ಡ, ಅದೇ ರೆಕ್ಕೆ. ಈ ಜಾತಿಯವೆಲ್ಲ ಒಂದೇ ತರಹ ಇರುತ್ತವೆ. ಉಸಿರು ಬಿಗಿಹಿಡಿದು ಎರಡು ಹೆಜ್ಜೆ ಹಿಂದೆ ಸರಿದ, ಒಂದು ಹೆಜ್ಜೆ ಪಕ್ಕಕ್ಕೆ ಹೋದ, ಒಂದು ಕಣ್ಣು ಮುಚ್ಚಿ ಗೋಡೆಗೆ ಗುರಿಯಿಟ್ಟ.

ಆ ಗೋಡೆ ರಸ್ತೆಗೆ ಎರಡು ಅಡಿ ಮುಂದೆ ಬಂದಿತ್ತು. ಅದು ಇಡೀ ಓಣಿಗೆ ಗೊತ್ತು, ಎಲ್ಲರಿಗಿಂತ ಚೆನ್ನಾಗಿ ಪಾಲಾಕ್ಷಪ್ಪನಿಗೆ ಗೊತ್ತು. ಪಂಚಾಯ್ತಿಯ ಮನುಷ್ಯ ಮೊಬೈಲ್ ಹಿಡಿದು ಗೋಡೆ ನೋಡುವುದನ್ನು ಕಂಡು ಅವನು ಉಣ್ಣುವ ತಟ್ಟೆ ಬಿಟ್ಟು ಎದ್ದುಬಂದ.

"ಏನ್ ಗುರುಬಸಣ್ಣ, ರಸ್ತೆ ಅಳತಿಯೇನು?"

"ಇಲ್ಲರಿ ಯಜಮಾನ್ರ."

"ಮತ್ತೇನು ನೋಡ್ತೀಯಪ್ಪ?"

ನಿಮ್ಮ ಗೋಡೆಯ ಮೇಲೆ ರೆಕ್ಕೆಯ ಎಮ್ಮೆ ಕೂತಿದೆ ಎಂದು ಹೇಗೆ ಹೇಳುವುದು? ಗುರುಬಸವರಾಜ ಹಲ್ಲು ಕಿರಿದು ಮತ್ತೆ ಮೊಬೈಲನ್ನು ಗೋಡೆಗೆ ಹಿಡಿದ. ಅಷ್ಟಕ್ಕೆ ಪಾಲಾಕ್ಷಪ್ಪನಿಗೆ ಎಲ್ಲ ಖಚಿತವಾಯಿತು. ಕುರ್ಚಿ ಬಂತು. ಮಂಡಕ್ಕಿ ಮೆಣಸಿನಕಾಯಿ ಬಂತು. ಚಹಾದ ಲೋಟವನ್ನು ಅವನು ಒತ್ತಾಯದಿಂದ ಗುರುಬಸವರಾಜನ ಕೈಗೆ ತುರುಕಿದ. ಆ ನೂಕಾಟದಲ್ಲಿ ಎಸೆದ ಮೇವು ಅತ್ತ ಹೋಗಿ, ಪ್ರಾಣಿ ಪಕ್ಕದ ಮನೆಯ ಮೆಟ್ಟಿಲ ಮೇಲೆ ಹೋಗಿ ಕೂತಿತು. ಗುರುಬಸವರಾಜ ಮೊಬೈಲನ್ನು ಆ ಮೆಟ್ಟಿಲಿಗೆ ಹಿಡಿದ. ಆ ಮನೆಯವರು ಹೊರಗೆ ಬಂದರು. ಅದು ಅಲ್ಲಿಂದ ಎದುರುಮನೆಯ ಕಟ್ಟೆಗೆ ಹಾರಿತು. ಆ ಮನೆಯವರೂ ಬಂದರು.

ಓಣಿ ಮುಗಿಯುವಷ್ಟರಲ್ಲಿ ಅವನ ಹಿಂದೆ ಹದಿನಾಲ್ಕು ಮಂದಿ ನಡೆಯುತ್ತಿದ್ದರು. ಒಬ್ಬರು ತಮ್ಮ ಮೆಟ್ಟಿಲು ತಾತನ ಕಾಲದ್ದೆಂದು ಹೇಳುತ್ತಿದ್ದರು. ಇನ್ನೊಬ್ಬರು ಯಾರೂ ಹೇಳದೆಯೇ ಕಟ್ಟೆಯ ಎರಡು ಕಲ್ಲು ಕಿತ್ತು ಒಳಗಿಟ್ಟಿದ್ದರು. ಪಾಲಾಕ್ಷಪ್ಪ ಹಾರೆ ತರಿಸಿ ಗೋಡೆಯ ಮೂಲೆಯನ್ನು ತಾನೇ ಕೆಡವಲು ಶುರುಮಾಡಿದ್ದ. ಅಧಿಕಾರಿಗಳ ಮುಂದೆ ತಾನಾಗಿ ಕೆಡವಿದರೆ ದಂಡವಿಲ್ಲವೆಂದು ಯಾರೋ ಅವನಿಗೆ ಹೇಳಿದ್ದರು.

ಪ್ರಾಣಿ ಕೊನೆಗೆ ನೀರಿನ ಟ್ಯಾಂಕಿನ ಕೆಳಗೆ ಹೋಗಿ ನಿಂತಿತು. ಜನ ಸುತ್ತ ನಿಂತು ಅವನ ಮೊಣಕೈ ಹಿಡಿದು ಜಗ್ಗುತ್ತಿದ್ದರು. ಮೇವು ಒಂದೇ ಹಿಡಿ ಉಳಿದಿತ್ತು. ಆಗ ಗುರುಬಸವರಾಜನಿಗೆ ಜೀವಮಾನದಲ್ಲಿ ಒಮ್ಮೆ ಬುದ್ಧಿ ಹೊಳೆಯಿತು. "ಅಳತಿಯೂ ಇಲ್ಲ, ಏನೂ ಇಲ್ಲ. ನೀರು ಬಿಡ್ತೀನಿ ಈಗ, ಹಿಡಿಯೋರು ಹಿಡಕಳ್ರಿ," ಎಂದು ವಾಲ್ವ್ ತಿರುವಿದ. ಅರೆ ನಿಮಿಷದಲ್ಲಿ ಅಲ್ಲಿ ಒಬ್ಬರೂ ಇರಲಿಲ್ಲ. ಕೊಡಗಳ ಸದ್ದು ಓಣಿಯ ತುಂಬ ಕೇಳಿಸಿತು. ಅವನು ಕೊನೆಯ ಹಿಡಿ ಎಸೆದ. ಪ್ರಾಣಿ ತಿಂದಿತು, ದೊಡ್ಡಿಗೆ ಬಂತು. ಗುಡ್ಡಪ್ಪ ಎಂದು ಹೆಸರು ಬರೆದ.

ಹತ್ತಿ ನೋಡಿದ. ಎತ್ತಿ ಒಗೆಯಿತು. ಬೆನ್ನು ಸವರಿ ಮತ್ತೆ ಹತ್ತಿದ. ಮತ್ತೆ ಒಗೆಯಿತು. ಮೂರನೆಯ ಸಲ ಒಗೆಯುವಾಗ ನಾಲ್ಕರ ಬಸ್ಸಿನ ಹಾರ್ನ್ ಕೇಳಿಸಿತು.

ಮನೆಗೆ ಬಂದ ಚಂದನಾ ಬ್ಯಾಗನ್ನೂ ಇಳಿಸದೆ ಕೈ ಚಾಚಿದಳು. ಸ್ವಲ್ಪ ಎತ್ತರ ಆಗಿದ್ದಳು, ಎರಡು ಜಡೆ ಹಾಕಿದ್ದಳು.

"ದಿನಾ ಹಾಕಿದೇನಪ್ಪ?"

"ಮೂರು ಹೊತ್ತೂ ಹಾಕೀನವ್ವ."

ಇದು ನಿಜ. ಒಂದು ಹೊತ್ತು ಬಿಟ್ಟರೆ ಪೂರ್ತಿ ನಿಜ. ಚಂದನಾಳ ಮುಖ ಅರಳಿದ್ದನ್ನು ನೋಡಿ ಗುರುಬಸವರಾಜನಿಗೆ ಬೆಳಗಿನಿಂದ ಪಟ್ಟ ಪಾಡೆಲ್ಲ ಸಾರ್ಥಕವೆನಿಸಿತು. ರೋಜಾ ಅಚ್ಚರಿಯಿಂದ ಗಂಡನನ್ನು ನೋಡಿದಳು. ಚಂದನಾ ಕಟ್ಟೆಯ ಮೇಲೆ ಕೂತು ಗುಡ್ಡಪ್ಪನ ಬೆನ್ನಿನ ಮೇಲೆ ಬೆರಳಿಟ್ಟು ಹತ್ತಿದಳು. ಗುಡ್ಡಪ್ಪ ಮೈ ಕೊಡವಿ ಅವಳನ್ನು ಪರದೆಯೊಳಗಿನ ಧೂಳಿಗೆ ಒಗೆದ.

ಅವಳು ತಲೆ ಎತ್ತಿ ಅಪ್ಪನನ್ನು ನೋಡಿದಳು. ಬಾಯಿಗೆ ಬಂದದ್ದನ್ನು ಅವನು ಹೇಳಿಬಿಟ್ಟ.

"ನಿನ್ನ ಮರ್ತಿರಬೇಕವ್ವ. ಭಾಳ ದಿನ ಆತಲ್ಲ."

ಆಡಿದ ಮೇಲೆ ಅದು ಎಂಥ ಮಾತೆಂದು ಗೊತ್ತಾಯಿತು. ಹುಡುಗಿಯ ಕಣ್ಣು ತುಂಬಿಕೊಂಡಿತು. ಮನೆ ಬಿಟ್ಟು ಎಪ್ಪತ್ತೆರಡು ದಿನ ಹಾಸ್ಟೆಲಿನಲ್ಲಿದ್ದು ಬಂದ ಮಗುವಿಗೆ, ನಿನ್ನನ್ನು ಮರೆತಿದ್ದಾರೆ ಎಂದು ಯಾವ ತಂದೆ ಹೇಳುತ್ತಾನೆ?

"ಮರ್ತಿಲ್ಲಪ್ಪ," ಅವಳು ಬಿಕ್ಕುತ್ತ ಅಂದಳು. "ಇದಕ್ಕ ನನ್ನ ಗುರುತು ಇರಲೇ ಇಲ್ಲ. ಇದು ನಾವಿಬ್ಬರೂ ಹಿಡಿದ ಗುಡ್ಡಪ್ಪ ಅಲ್ಲ."

ಗುರುಬಸವರಾಜ ಸಿಕ್ಕಿಬಿದ್ದೆ ಅಂದುಕೊಂಡ.

"ಹಾಸ್ಟೆಲ್‌ಗೆ ಹೋಗೋ ಹಿಂದಿನ ದಿನ ಏನು ಕೇಳ್ತೈತಂತ ಓದದ ಗುಂಡಿ ಒತ್ತಿ ಅದನ್ನ ಬಿಟ್ಟುಬಿಟ್ಟೆ. ಹಾರಿ ಹೋತು. ನಿನಗ ಬ್ಯಾಸರ ಆಗ್ತೈತಂತ ಸಂಜಿ ಒಳಗ ಇನ್ನೊಂದು ಹಿಡಿದು ಅದೇ ಹೆಸರಿಟ್ಟು ಕೊಟ್ಟೆ. ನಿನಗ ಸುಳ್ಳು ಹೇಳಿದೆ. ನೀ ಅದೇ ಅಂತ ನಂಬಿ ದಿನಾ ಮೇವು ಹಾಕೀಯಲ್ಲ, ನೆನಸಿಕೊಂಡ್ರ ಅಳು ಬರ್ತಿತ್ತು."

ರೋಜಾ ಮಗಳ ತಲೆ ಸವರಿದಳು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಗುರುಬಸವರಾಜನಿಗೆ ಮತ್ತೆ ಸಿಗುವುದಿಲ್ಲ. ನಾನೂ ಹಾಗೇ ಮಾಡಿದೆ ಮಗಳೇ ಎಂದರೆ ಮುಗಿಯುತ್ತಿತ್ತು, ಇಬ್ಬರೂ ನಗಬಹುದಿತ್ತು. ಅವನು ಬಾಯಿ ತೆರೆದ. ಅಷ್ಟರಲ್ಲಿ ಚಂದನಾ ಕಣ್ಣೊರೆಸಿಕೊಂಡು ಮೊಬೈಲನ್ನು ಅವನ ಕೈಗೆ ಕೊಟ್ಟಳು.

"ನೀ ಹತ್ತಪ್ಪ. ನಿನ್ನ ಕೈಲಿ ಉಂಡೈತಿ, ನಿನ್ನ ಒಗಿಯಂಗಿಲ್ಲ. ನಾ ನೋಡಬೇಕು."

"ಬ್ಯಾಡವ್ವ, ಈಗ ದಣದೈತಿ ಅದು."

"ಒಂದೇ ಸಲ."

"ಹತ್ತ್ರಿ ಮತ್ತ," ಅಂದಳು ರೋಜಾ. "ಕೂಸು ಅಷ್ಟು ಕೇಳಾಕತ್ತೈತಿ."

ಗುರುಬಸವರಾಜ ಬೆರಳಿಟ್ಟ. ಒಂದು ಕ್ಷಣ ಪ್ರಾಣಿ ಅಲುಗಾಡದೆ ನಿಂತಿತು. ಮೈಲಾರಲಿಂಗ ಈಗಲಾದರೂ ಕೈ ಹಿಡಿದನೇನೋ ಅಂದುಕೊಂಡ. ಆಮೇಲೆ ಅದು ಹಿಂಗಾಲು ಝಾಡಿಸಿ, ಮಗಳನ್ನು ಒಗೆದದ್ದಕ್ಕಿಂತ ಎರಡು ಮಾರು ದೂರ ಅವನನ್ನು ಒಗೆಯಿತು.

ಚಂದನಾ ಪರದೆಯನ್ನು ನೋಡಿದಳು. ಐದು ಹೃದಯಗಳಲ್ಲಿ ಒಂದೂ ತುಂಬಿರಲಿಲ್ಲ. ಎಪ್ಪತ್ತೆರಡು ದಿನ ಮೇವು ತಿಂದ ಪ್ರಾಣಿ ಹಾಗಿರುವುದಿಲ್ಲವೆಂದು ಅವಳಿಗೆ ಅಪ್ಪನಿಗಿಂತ ಚೆನ್ನಾಗಿ ಗೊತ್ತಿತ್ತು.

"ಮೂರು ಹೊತ್ತೂ ಆ ಮೊಬೈಲ್ ಹಿಡ್ಕಂಡು ಮರೆಗೆ ಹೋಗ್ತಿದ್ರಿ," ರೋಜಾ ತಣ್ಣಗೆ ಕೇಳಿದಳು. "ಮೇವು ಹಾಕಿಲ್ಲ ಅಂದ್ಮ್ಯಾಲೆ ಏನು ನೋಡ್ತಿದ್ರಿ?"

ಹಾಕಿದ್ದೆ ಎನ್ನಬೇಕಾದರೆ, ಪ್ರಾಣಿ ನಿನ್ನನ್ನು ಮರೆತಿದೆ ಎಂದು ಈಗಷ್ಟೇ ಮಗಳ ಮುಖ ನೋಡಿ ಹೇಳಿದ್ದು ಸುಳ್ಳೆಂದು ಒಪ್ಪಬೇಕು. ಆ ಸುಳ್ಳಿಗೆ ಅವಳು ಅತ್ತಾಗಿತ್ತು, ಬಚ್ಚಿಟ್ಟುಕೊಂಡಿದ್ದನ್ನೆಲ್ಲ ಹೇಳಿಯೂ ಆಗಿತ್ತು. ಹಾಕಿಲ್ಲ ಎಂದರೆ ಅವನು ಉಳಿಸಿಕೊಂಡಿದ್ದ ಒಂದೇ ಒಂದು ಮಾತೂ ಹೋಯಿತು. ಗುರುಬಸವರಾಜ ಎರಡನ್ನೂ ಹೇಳದೆ ಚಪ್ಪಲಿಯ ಉಂಗುಟ ನೋಡುತ್ತ ಕೂತ. ಹೇಡಿತನ ಅಂದರೆ ಇದೇ ಎಂದು ಅವನಿಗೆ ಗೊತ್ತಿತ್ತು.

ಚಂದನಾಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅವಳು ಹತ್ತಿರ ಸರಿದು ಅಪ್ಪನ ಮೊಣಕಾಲಿಗೆ ಒರಗಿ ಕೂತಳು.

"ಹೋಗ್ಲಿ ಬಿಡಪ್ಪ. ನಾನೂ ಸುಳ್ಳು ಹೇಳಿದ್ದೆ, ನೀನೂ ಹೇಳಿದಿ. ಸಮ ಆತು." ಆಮೇಲೆ ಅವನ ಬೆರಳು ಹಿಡಿದು ಪರದೆಯ ಮೇಲೆ ಇಟ್ಟಳು. "ಇಲ್ನೋಡು, ಕಷ್ಟ ಏನಿಲ್ಲ. ಈ ಹುಲ್ಲಿನ ಗುಂಡಿ ಐತಲ್ಲ, ಅದನ್ನ ಒತ್ತಬೇಕು. ತಿಂದ ಮ್ಯಾಲೆ ಬೆನ್ನು ಸವರಬೇಕು, ಹಿಂಗ ಮೆಲ್ಲಕ. ಗೊತ್ತಾತೇನು?"

ಇನ್ನೂರಕ್ಕೂ ಹೆಚ್ಚು ಸಲ ಆ ಗುಂಡಿ ಒತ್ತಿದ ಬೆರಳು ಅವಳ ಕೈಯಲ್ಲಿತ್ತು.

"ಗೊತ್ತಾತವ್ವ," ಅಂದ ಗುರುಬಸವರಾಜ. "ಇನ್ನೊಮ್ಮೆ ತೋರಿಸು."